ಯಂತ್ರದ ಕೈಪಿಡಿಗೆ ಕನ್ನಡದ ಕಟ್ಟಳೆ: ಇಂಗ್ಲಿಷ್ ಸ್ಟೈಲ್ ಗೈಡನ್ನು ಹೊಂದಿಸಿಕೊಳ್ಳುವ ಬಗೆ

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಹಸಿ ಅಡಿಕೆ ಸುಲಿಯುವ ಯಂತ್ರ ಮತ್ತು ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಮಾಡುತ್ತೇವೆ. ಬಳಕೆಯ ಕೈಪಿಡಿ, ಸರ್ವಿಸ್ ಹಾಳೆ, ಕರಪತ್ರ ಎಲ್ಲವನ್ನೂ ನಾವು ಮೂವರು ಬರೆಯುತ್ತೇವೆ. ಒಬ್ಬೊಬ್ಬರದು ಒಂದೊಂದು ರೀತಿ. ಒಂದೇ ಕೈಪಿಡಿಯಲ್ಲಿ ‘ಮುಚ್ಚಳ’, ‘ಕವರ್’, ‘ಗಾರ್ಡ್’ ಎಂದು ಒಂದೇ ಭಾಗಕ್ಕೆ ಮೂರು ಹೆಸರು ಬಿದ್ದಿವೆ. ಮಾಲೀಕರು ಇಂಗ್ಲಿಷಿನ ಒಂದು ದೊಡ್ಡ ಸ್ಟೈಲ್ ಗೈಡ್ (ಬರವಣಿಗೆಯ ನಿಯಮಗಳ ಪುಸ್ತಕ) ಕೊಟ್ಟು ‘ಇದರಂತೆ ಬರೆಯಿರಿ’ ಅಂದಿದ್ದಾರೆ. ಅದರಲ್ಲಿ ಅರ್ಧಕ್ಕರ್ಧ ಕನ್ನಡಕ್ಕೆ ಕೂರುವುದಿಲ್ಲ. ಅದನ್ನು ಬಿಟ್ಟು ನಮ್ಮದೇ ಹೊಸದೊಂದನ್ನು ಬರೆಯಬೇಕೆ?

ಉತ್ತರ: ಹೊಸದನ್ನು ಬರೆಯಲು ಹೊರಡಬೇಡಿ. ಮಾಲೀಕರು ಕೊಟ್ಟದ್ದನ್ನು ತಳಪಾಯವಾಗಿ ಇಟ್ಟುಕೊಂಡು ಅದರ ಮೇಲೆ ನಾಲ್ಕು ಪುಟ ಮೀರದ ನಿಮ್ಮದೇ ಒಂದು ತೀರ್ಮಾನಗಳ ಹಾಳೆ ಮಾಡಿಕೊಳ್ಳಿ. ಎರಡರ ನಡುವೆ ವ್ಯತ್ಯಾಸ ಬಂದಾಗ ನಿಮ್ಮ ಹಾಳೆಯ ಮಾತೇ ನಡೆಯಬೇಕು. ಮೂವರು ಬರೆಯುವ ಜಾಗದಲ್ಲಿ ಇದಕ್ಕಿಂತ ದೊಡ್ಡದು ಉಳಿಯುವುದಿಲ್ಲ. ನೂರು ಪುಟದ ನಿಯಮಾವಳಿಯನ್ನು ಮೊದಲ ತಿಂಗಳು ಎಲ್ಲರೂ ನೋಡುತ್ತಾರೆ, ಕೊಯ್ಲಿನ ಗಡಿಬಿಡಿ ಶುರುವಾದ ಮೇಲೆ ಯಾರೂ ತೆರೆಯುವುದಿಲ್ಲ.

ಮೊದಲು ತಳಪಾಯ ಸರಿಯಿದೆಯೇ ನೋಡಿ. ಉಚಿತವಾಗಿ ಓದಲು ಸಿಗುವ ಎರಡು ಹೆಸರಾಂತ ಗೈಡ್‌ಗಳು ಮೈಕ್ರೋಸಾಫ್ಟ್‌ನದು ಮತ್ತು ಗೂಗಲ್‌ನದು. ಗೂಗಲ್‌ನದು 2017ರಲ್ಲಿ ಎಲ್ಲರಿಗೂ ತೆರೆಯಿತು, ಮೈಕ್ರೋಸಾಫ್ಟ್‌ನ ಈಗಿನ ರೂಪ 2018ರಲ್ಲಿ ಬಂತು. ಎರಡೂ ತಂತ್ರಾಂಶದ ಬಗ್ಗೆ ಬರೆಯುವವರಿಗಾಗಿ ಮಾಡಿದವು. ತಿರುಗುವ ಬ್ಲೇಡ್, ಗ್ರೀಸ್, ಬೆಲ್ಟ್ ಇರುವ ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು ವಿಮಾನ ರಿಪೇರಿಯ ಕೈಪಿಡಿಗಳಿಗಾಗಿ ಹುಟ್ಟಿದ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’, ಅಂದರೆ ಎ.ಎಸ್.ಡಿ.-ಎಸ್.ಟಿ.ಇ.100. ಇದರ ಮೊದಲ ರೂಪ ಹೊರಬಂದದ್ದು 1986ರಲ್ಲಿ. ಕೇಳಿಕೊಂಡರೆ ಪ್ರತಿಯನ್ನು ಉಚಿತವಾಗಿ ಕೊಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಾರದ ಮೆಕ್ಯಾನಿಕ್ ತಪ್ಪು ತಿಳಿಯಬಾರದು ಎಂಬುದೇ ಅದರ ಗುರಿ. ಹಾಗಾಗಿ ಅದರ ಚಿಂತನೆ ಕನ್ನಡಕ್ಕೂ ದಾಟುತ್ತದೆ, ಅಕ್ಷರಶಃ ನಿಯಮಗಳು ದಾಟುವುದಿಲ್ಲ.

ಯಾವುದು ಉದುರುತ್ತದೆ ಎಂಬುದನ್ನು ಬೇಗ ಮುಗಿಸೋಣ. ದೊಡ್ಡಕ್ಷರ-ಸಣ್ಣಕ್ಷರದ ಅಧ್ಯಾಯ ಪೂರ್ತಿ ಬೇಡ. ಅದರ ಬದಲು ಸ್ವಿಚ್‌ನ ಮೇಲೆ ಬರೆದಿರುವ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೀರೋ ಉದ್ಧರಣ ಚಿಹ್ನೆಯಲ್ಲೋ ಎಂದು ಒಂದು ಸಾಲು ಸಾಕು. ‘ದಿ’, ‘ಎ’ಗಳ ನಿಯಮ, ಪದ ಕುಗ್ಗಿಸಿ ಬರೆಯುವ ಸಲಹೆ, ಪಟ್ಟಿಯ ಕೊನೆಯ ಅಲ್ಪವಿರಾಮದ ಚರ್ಚೆ ಇವೂ ಬೇಡ. ಓದುಗರನ್ನು ‘ನೀವು’ ಎಂದು ಕರೆಯಿರಿ ಎಂಬ ಸಲಹೆಯನ್ನು ಹಾಗೇ ಪಾಲಿಸಿದರೆ ಸಾಲುಸಾಲಿಗೂ ‘ನೀವು’ ಬಂದು ಭಾಷಣದಂತಾಗುತ್ತದೆ. ಕನ್ನಡದಲ್ಲಿ ‘ಮಾಡಿ’ ಅಂದರೆ ‘ನೀವು’ ಅದರೊಳಗೇ ಇದೆ. ‘ದಯವಿಟ್ಟು’ ಕೂಡ ಪ್ರತಿ ಹೆಜ್ಜೆಗೆ ಬೇಡ.

ಇನ್ನು ಉಳಿದು, ಆದರೆ ಬದಲಾಗಬೇಕಾದವು. ಇಲ್ಲಿಯೇ ನಿಮ್ಮ ಹಾಳೆಯ ಜೀವ ಇರುವುದು.

ವಾಕ್ಯದ ಉದ್ದ ತೆಗೆದುಕೊಳ್ಳಿ. ಎಸ್.ಟಿ.ಇ. ಪ್ರಕಾರ ಕೆಲಸ ಹೇಳುವ ವಾಕ್ಯಕ್ಕೆ 20 ಪದ, ವಿವರಿಸುವ ವಾಕ್ಯಕ್ಕೆ 25 ಪದ ಮಿತಿ. ಈ ಅಂಕಿಯನ್ನು ಕನ್ನಡಕ್ಕೆ ಹಾಗೇ ಎತ್ತಿಟ್ಟುಕೊಂಡರೆ ವಾಕ್ಯಗಳು ಉಸಿರುಗಟ್ಟುತ್ತವೆ, ಏಕೆಂದರೆ ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ‘ಬೆಲ್ಟ್‌ನ ಬಿಗಿ ಹೊಂದಿಸುವ ಮೊದಲು ಮೋಟಾರ್ ಪೀಠದ ಎರಡೂ ಬೋಲ್ಟ್‌ಗಳನ್ನು ಸಡಿಲಿಸಿ’ ಎಂಬುದು 9 ಪದ. ಇದೇ ಮಾತು ಸಹಜ ಇಂಗ್ಲಿಷಿನಲ್ಲಿ 15-16 ಪದ ಹಿಡಿಯಬಹುದು. ಆ ಲೆಕ್ಕದಲ್ಲಿ 20 ಎಂಬುದು ಕನ್ನಡದಲ್ಲಿ 11-12 ಆಗುತ್ತದೆ. ಹೆಜ್ಜೆ ಹೇಳುವ ವಾಕ್ಯಕ್ಕೆ 12, ವಿವರಣೆಗೆ 15 ಎಂದು ಬರೆದುಕೊಳ್ಳಿ.

ಅದೇ ವಾಕ್ಯದಲ್ಲಿ ಇನ್ನೊಂದು ತೊಡಕೂ ಇದೆ. ‘ಬಿಗಿ ಹೊಂದಿಸುವ ಮೊದಲು… ಸಡಿಲಿಸಿ’ ಎಂದಾಗ ಎರಡನೆಯದಾಗಿ ಮಾಡಬೇಕಾದ ಕೆಲಸ ಮೊದಲು ಕಣ್ಣಿಗೆ ಬೀಳುತ್ತದೆ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ಓದುವವರು ವಾಕ್ಯ ಮುಗಿಯುವವರೆಗೆ ಕಾಯುವುದಿಲ್ಲ. ಮಾಡುವ ಕ್ರಮದಲ್ಲೇ ಬರೆಯಬೇಕು ಎಂದು ನಿಯಮ ಮಾಡಿ, ಹೆಜ್ಜೆಗಳಲ್ಲಿ ‘ಮೊದಲು’, ‘ಮುಂಚೆ’ ಎಂಬ ಎರಡು ಪದಗಳನ್ನು ನಿಷೇಧಿಸಿಬಿಡಿ. ಬರೆಯುವವರು ತಾವಾಗಿ ವಾಕ್ಯ ಒಡೆಯುತ್ತಾರೆ.

ಒಂದು ವಾಕ್ಯಕ್ಕೆ ಒಂದೇ ಕೆಲಸ ಎಂಬ ಎಸ್.ಟಿ.ಇ. ನಿಯಮ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಅಗತ್ಯ. ಕಾರಣ ನಮ್ಮ ಕ್ರಿಯಾಪದಗಳಲ್ಲೇ ಇದೆ. ‘ಮಾಡಿ’, ‘ಹಾಕಿ’, ‘ತಿರುಗಿಸಿ’ ಇವು ಆಜ್ಞೆಯೂ ಹೌದು, ‘ಮಾಡಿಕೊಂಡು ಮುಂದಕ್ಕೆ’ ಎಂಬ ಅರ್ಥದ ಕೃದಂತವೂ ಹೌದು. ‘ತೊಳೆ’ ತರಹದ ಧಾತುಗಳಲ್ಲಿ ‘ತೊಳೆದು’ ಬೇರೆ, ‘ತೊಳೆಯಿರಿ’ ಬೇರೆ. ಉಕಾರದಲ್ಲಿ ಮುಗಿಯುವ ಹೆಚ್ಚಿನ ಧಾತುಗಳಲ್ಲಿ, ಅಂದರೆ ಕಾರ್ಖಾನೆಯ ಬಹುಪಾಲು ಕ್ರಿಯಾಪದಗಳಲ್ಲಿ, ಎರಡಕ್ಕೂ ಒಂದೇ ರೂಪ. ಹಾಗಾಗಿ ‘ಸ್ವಿಚ್ ಆಫ್ ಮಾಡಿ ಬೆಲ್ಟ್ ಸಡಿಲಿಸಿ ಡ್ರಮ್ ಕೈಯಿಂದ ತಿರುಗಿಸಿ ಬ್ಲೇಡ್ ತೊಳೆಯಿರಿ’ ಎಂದು ಉದ್ದಕ್ಕೆ ಪೋಣಿಸಿಕೊಂಡು ಹೋಗುವುದು ಬಲು ಸುಲಭ. ಓದಲು ಇಂಪಾಗಿಯೂ ಇರುತ್ತದೆ. ಆದರೆ ಅದರಲ್ಲಿ ಎಷ್ಟು ಹೆಜ್ಜೆ, ಯಾವುದು ಮುಗಿದ ಮೇಲೆ ಯಾವುದು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದು ಹೆಜ್ಜೆಗೆ ಒಂದು ಅಂಕಿ, ಒಂದು ಸಾಲು, ಕೊನೆಗೆ ಪೂರ್ಣವಿರಾಮ.

ಕೈಪಿಡಿಯ ಉದ್ದಕ್ಕೂ ‘ಮಾಡಿ’ ರೂಪ ಒಂದನ್ನೇ ಇಟ್ಟುಕೊಳ್ಳಿ. ‘ಮಾಡತಕ್ಕದ್ದು’ ಕಚೇರಿಯ ಸುತ್ತೋಲೆಗೆ ಸರಿ. ‘ಮಾಡಲಾಗುತ್ತದೆ’ ಬಂದರೆ ಯಾರು ಮಾಡುವುದು ಎಂದೇ ತಿಳಿಯುವುದಿಲ್ಲ. ‘ಆರು ತಿಂಗಳಿಗೊಮ್ಮೆ ಬೇರಿಂಗ್ ಬದಲಾಯಿಸಲಾಗುತ್ತದೆ’ ಎಂದು ಓದಿದ ತೋಟದವರು ಕಂಪನಿಯವರೇ ಬಂದು ಬದಲಾಯಿಸುತ್ತಾರೆ ಅಂದುಕೊಂಡರೆ ತಪ್ಪು ಅವರದಲ್ಲ.

‘ಒಂದು ಪದಕ್ಕೆ ಒಂದು ಅರ್ಥ’ ಎಂಬುದಕ್ಕೆ ನಿಮ್ಮ ಹಾಳೆಯ ಅರ್ಧ ಜಾಗ ಕೊಡಿ. ಭಾಗಗಳ ಹೆಸರು ಆಮೇಲೆ. ಮೊದಲು ಕ್ರಿಯಾಪದಗಳನ್ನು ನೋಡಿ, ಏಕೆಂದರೆ ದಿನದ ಮಾತಿನಲ್ಲಿ ನಾವು ನಾಲ್ಕೈದು ಕ್ರಿಯಾಪದಗಳಲ್ಲೇ ಎಲ್ಲ ಕೆಲಸ ಸಾಗಿಸುತ್ತೇವೆ. ‘ಬಾಗಿಲು ತೆಗೆ’ ಅಂದರೆ ತೆರೆ ಎಂದು. ‘ನಟ್ ತೆಗೆ’ ಅಂದರೆ ಕಳಚು ಎಂದು. ಹಾಗಾದರೆ ‘ಮುಚ್ಚಳ ತೆಗೆಯಿರಿ’ ಅಂದರೆ ಕೀಲಿನ ಮೇಲೆ ಎತ್ತುವುದೋ, ಬೋಲ್ಟ್ ಬಿಚ್ಚಿ ಪಕ್ಕಕ್ಕಿಡುವುದೋ? ‘ಹಾಕು’ ಇನ್ನೂ ಕಷ್ಟ: ಸ್ವಿಚ್ ಹಾಕು, ಬಾಗಿಲು ಹಾಕು, ಗ್ರೀಸ್ ಹಾಕು, ಅಡಿಕೆ ಹಾಕು. ‘ಬಿಡು’ ಎಂಬುದು ಸಡಿಲಿಸುವುದೂ ಹೌದು, ಅಂತರ ಉಳಿಸುವುದೂ ಹೌದು, ಮುಟ್ಟದೆ ಇರುವುದೂ ಹೌದು. ಹೀಗೆ ಗೊತ್ತುಮಾಡಿಕೊಳ್ಳಬಹುದು: ಕೀಲಿನ ಮೇಲೆ ತಿರುಗುವುದಕ್ಕೆ ‘ತೆರೆಯಿರಿ’ ಮತ್ತು ‘ಮುಚ್ಚಿ’, ಬೋಲ್ಟ್ ಇರುವುದಕ್ಕೆ ‘ಬಿಚ್ಚಿ’ ಮತ್ತು ‘ಜೋಡಿಸಿ’, ಕರೆಂಟಿಗೆ ‘ಆನ್ ಮಾಡಿ’ ಮತ್ತು ‘ಆಫ್ ಮಾಡಿ’, ಎಣ್ಣೆ-ನೀರಿಗೆ ‘ಸುರಿಯಿರಿ’, ಗ್ರೀಸ್‌ಗೆ ‘ತುಂಬಿ’. ‘ತೆಗೆ’, ‘ಹಾಕು’, ‘ಬಿಡು’ ಮೂರನ್ನೂ ಹೆಜ್ಜೆಗಳಿಂದ ಹೊರಗಿಡಿ. ಸುಮಾರು 25 ಕ್ರಿಯಾಪದಗಳಲ್ಲಿ ಒಂದು ಸುಲಿಯುವ ಯಂತ್ರದ ಇಡೀ ಕೈಪಿಡಿ ಬರೆಯಬಹುದು.

ಭಾಗಗಳ ಹೆಸರಿನಲ್ಲಿ ಜನ ಎಡವುವುದು ಹೊಸ ಪದ ಕಟ್ಟುವ ಉತ್ಸಾಹದಿಂದ. ಕನ್ನಡದ ಮೇಲಿನ ಪ್ರೀತಿಯಿಂದಲೇ ಬೇರಿಂಗ್‌ಗೆ ‘ಧಾರಕ’, ಪುಲ್ಲಿಗೆ ‘ರಾಟೆ’ ಎಂದು ಬರೆದರೆ, ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಆ ಹೆಸರು ಹೇಳಿ ಸಾಮಾನು ಸಿಗುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಯಾವ ಹೆಸರಿನಿಂದ ಕೇಳುತ್ತಾರೋ ಅದೇ ಹೆಸರು. ಬೆಲ್ಟ್, ಬೇರಿಂಗ್, ಪುಲ್ಲಿ, ಹಾಪರ್ (ಅಡಿಕೆ ಸುರಿಯುವ ತೊಟ್ಟಿ) ಹಾಗೇ ಇರಲಿ. ಅಡಿಕೆಯ ಕಡೆಯ ಪದಗಳಿಗೆ ಇದೇ ನಿಯಮ ತಿರುಗುಮುರುಗಾಗಿ ಅನ್ವಯಿಸುತ್ತದೆ: ಗೋಟು (ಒಣಗಿದ ಹಣ್ಣಡಿಕೆ), ಚೊಗರು (ಅಡಿಕೆಯ ಕಂದು ರಸ), ಸಿಪ್ಪೆ, ಗೊನೆ ಎಂದೇ ಬರೆಯಿರಿ, ಅವಕ್ಕೆ ಪುಸ್ತಕದ ಪದ ತರಬೇಡಿ. ಆದರೆ ಯಂತ್ರ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ. ತೀರ್ಥಹಳ್ಳಿ, ಸಾಗರದ ಕಡೆ ಹಸಿಯಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದು ರೂಢಿ, ಕರಾವಳಿಯಲ್ಲಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ. ಬರೀ ‘ಅಡಿಕೆ ಹಾಪರ್‌ಗೆ ಸುರಿಯಿರಿ’ ಎಂದಿದ್ದರೆ ಘಟ್ಟದ ಕೆಳಗಿನವರು ಒಣಗಿದ್ದನ್ನೇ ಸುರಿದಾರು. ನಿಮ್ಮದು ಹಸಿಯಡಿಕೆಯ ಯಂತ್ರವಾದರೆ ಪ್ರತಿ ಸಲವೂ ‘ಹಸಿ ಅಡಿಕೆ’ ಎಂದೇ ಬರಬೇಕು.

ನಿಮ್ಮ ‘ಮುಚ್ಚಳ, ಕವರ್, ಗಾರ್ಡ್’ ಜಗಳಕ್ಕೆ ತೀರ್ಪು: ಯಂತ್ರದಲ್ಲಿ ಎರಡು ವಸ್ತುಗಳಿವೆಯೋ ಒಂದೋ ಮೊದಲು ಎಣಿಸಿ. ಹಾಪರ್ ಮೇಲಿನದು ಮುಚ್ಚಳ, ಬೆಲ್ಟ್ ಸುತ್ತಲಿನದು ಗಾರ್ಡ್ ಎಂದಾದರೆ ಎರಡೂ ಹೆಸರು ಬೇಕು, ‘ಕವರ್’ ಸಾಯಬೇಕು. ಹೆಸರು ಗೊತ್ತಾದ ಮೇಲೆ ಬಿಡಿಭಾಗಗಳ ಪಟ್ಟಿ, ಚಿತ್ರ, ಯಂತ್ರದ ಮೇಲಿನ ಸ್ಟಿಕರ್, ಬಿಲ್ಲು ನಾಲ್ಕರಲ್ಲೂ ಅದೇ ಬರಬೇಕು. ಹೆಸರಿನ ಪಟ್ಟಿ ಮಾಡುವ ದಿನ ಸ್ಟೋರ್ಸ್‌ನವರನ್ನೂ ಬಿಲ್ಲು ಬರೆಯುವವರನ್ನೂ ಕೂರಿಸಿಕೊಳ್ಳದಿದ್ದರೆ ಈ ಕೆಲಸ ಖಂಡಿತ ಕೆಡುತ್ತದೆ.

ಪರಭಾಷೆಯ ಹೆಸರಿಗೆ ವಿಭಕ್ತಿ ಅಂಟಿಸುವಾಗ ‘ಬೆಲ್ಟಿಗೆ’ ಎಂದೋ ‘ಬೆಲ್ಟ್‌ಗೆ’ ಎಂದೋ? ಕಿವಿಗೆ ಮೊದಲನೆಯದೇ ಸೊಗಸು. ಆದರೂ ಕೈಪಿಡಿಗೆ ಎರಡನೆಯದನ್ನು ಆರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ‘ಬೆಲ್ಟ್’ ಎಂದು ಹುಡುಕಿದರೆ ‘ಬೆಲ್ಟಿಗೆ’ ಸಿಗುವುದಿಲ್ಲ, ಏಕೆಂದರೆ ‘ಬೆಲ್ಟ್’ ಎಂಬುದರ ಕೊನೆಯಲ್ಲಿ ಹಲಂತದ ಚಿಹ್ನೆ, ‘ಬೆಲ್ಟಿಗೆ’ ಎಂಬುದರಲ್ಲಿ ಅದೇ ಜಾಗದಲ್ಲಿ ಇಕಾರದ ಚಿಹ್ನೆ. ಮುಂದೆ ಭಾಗದ ಹೆಸರು ಬದಲಾದಾಗ ಅರ್ಧ ಕಡೆ ಬದಲಾಗಿ ಅರ್ಧ ಕಡೆ ಹಳೆಯದೇ ಉಳಿಯುವುದು ಹೀಗೆ. ‘ಬೆಲ್ಟ್‌ಗೆ’ ಬರೆಯಲು ನಡುವೆ ಕಾಣದ ಒಂದು ಅಕ್ಷರ ಬೇಕು, ಇಲ್ಲದಿದ್ದರೆ ಗಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ವರ್ಡ್‌ನಲ್ಲಿ ಇಂಗ್ಲಿಷ್ ಕೀಲಿಮಣೆಗೆ ಬದಲಾಯಿಸಿ ಆ ಸಂಖ್ಯೆ ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುತ್ತದೆ. ಹಳೆಯ ನುಡಿ ಫಾಂಟ್‌ನ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಿಟ್ಟು ಓದಿ, ಕೆಡುವುದು ಅಲ್ಲೇ.

ಅಂಕಿಗಳ ವಿಷಯದಲ್ಲಿ ಭಾವನೆಗೆ ಎಡೆ ಬೇಡ. ಪ್ರೆಶರ್ ಗೇಜ್ ಮೇಲೆ, ಮೋಟಾರ್ ಫಲಕದ ಮೇಲೆ 0-9 ಇರುವುದರಿಂದ ಕೈಪಿಡಿಯಲ್ಲೂ ಅವೇ ಇರಲಿ. ಅಂಕಿಗೂ ಅಳತೆಗೂ ನಡುವೆ ಒಂದು ಖಾಲಿ ಜಾಗ, ಸಾಲಿನ ಕೊನೆಯಲ್ಲಿ ಅವೆರಡೂ ಬೇರೆಯಾಗಬಾರದು. ‘ಸರಿಯಾಗಿ’, ‘ಚೆನ್ನಾಗಿ’, ‘ಸ್ವಲ್ಪ’ ಎಂಬ ಮೂರು ಪದ ಕಂಡಲ್ಲೆಲ್ಲ ನಿಂತು ‘ಎಷ್ಟು?’ ಎಂದು ಕೇಳಿ. ‘ಬೆಲ್ಟ್ ಸರಿಯಾಗಿ ಬಿಗಿ ಮಾಡಿ’ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ವಿ-ಬೆಲ್ಟ್‌ಗೆ ಸಾಮಾನ್ಯ ಲೆಕ್ಕ ಇದು: ಎರಡು ಪುಲ್ಲಿಗಳ ನಡುವಿನ ಒಂದು ಮೀಟರ್ ಅಂತರಕ್ಕೆ, ನಡುಮಧ್ಯೆ ಒತ್ತಿದಾಗ ಬೆಲ್ಟ್ ಸುಮಾರು 16 ಮಿ.ಮೀ. ತಗ್ಗಬೇಕು. ಅಂತರ 50 ಸೆಂ.ಮೀ. ಇದ್ದರೆ 8 ಮಿ.ಮೀ. ನಿಮ್ಮ ಯಂತ್ರಕ್ಕೆ ಎಷ್ಟು, ಎಷ್ಟು ಒತ್ತಡ ಕೊಟ್ಟಾಗ ಎಂದು ನಿಮ್ಮ ಎಂಜಿನಿಯರ್ ಕೈಯಲ್ಲಿ ಬರೆಸಿಕೊಂಡು ಆ ಅಂಕಿಯನ್ನು ಹಾಕಿ.

ಈಗ ಈ ನಿಯಮಗಳೆಲ್ಲ ಒಂದೇ ಕಡೆ ಹೇಗೆ ಕೆಲಸ ಮಾಡುತ್ತವೆ ನೋಡೋಣ. ಸ್ಪ್ರೇಯರ್ ಜೊತೆ ಕೊಡುವ ಕರಪತ್ರಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದ ಬಗ್ಗೆ ಇಂಥ ಸಾಲು ಬರುವುದುಂಟು: ‘ಒಂದು ಕೆಜಿ ತುತ್ತ ಮತ್ತು ಸುಣ್ಣವನ್ನು 100 ಲೀಟರ್ ನೀರಿನಲ್ಲಿ ಕರಗಿಸಿ ಚೆನ್ನಾಗಿ ಬೆರೆಸಿ ಪರೀಕ್ಷಿಸಿ ಸಿಂಪಡಿಸಿ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಒಂದು ಕೆಜಿ ಎರಡೂ ಸೇರಿಯೋ, ತಲಾ ಒಂದೋ? ಯಾವುದಕ್ಕೆ ಯಾವುದನ್ನು ಸುರಿಯುವುದು? ಯಾವ ಪಾತ್ರೆಯಲ್ಲಿ? ಏನು ಪರೀಕ್ಷೆ? ಬೇರೆ ಪುಟದಲ್ಲಿ ಇದೇ ತುತ್ತ ‘ಕಾಪರ್ ಸಲ್ಫೇಟ್’ ಆಗಿ ಬಂದರೆ ಅದು ಇನ್ನೊಂದು ಔಷಧಿ ಎಂದೇ ಓದುಗರು ತಿಳಿಯಬಹುದು. ಹಾಳೆಯ ನಿಯಮಗಳಂತೆ ಬರೆದರೆ ಹೀಗಾಗುತ್ತದೆ:

ಬೇಕಾದ್ದು: ಮೈಲುತುತ್ತ 1 ಕೆಜಿ. ಸುಟ್ಟ ಸುಣ್ಣ 1 ಕೆಜಿ. ನೀರು 100 ಲೀಟರ್. ಪ್ಲಾಸ್ಟಿಕ್ ಡ್ರಮ್ 2. ಕಬ್ಬಿಣ ಅಥವಾ ತಗಡಿನ ಪಾತ್ರೆ ಬೇಡ. ಮೈಲುತುತ್ತ ಅದನ್ನು ತಿನ್ನುತ್ತದೆ.

1. ಮೊದಲ ಡ್ರಮ್‌ನಲ್ಲಿ 50 ಲೀಟರ್ ನೀರಿಗೆ ಮೈಲುತುತ್ತ ಸುರಿದು ಪೂರ್ತಿ ಕರಗಿಸಿ.
2. ಎರಡನೆಯ ಡ್ರಮ್‌ನಲ್ಲಿ ಸುಣ್ಣಕ್ಕೆ ಒಂದೊಂದು ಚೊಂಬು ನೀರು ಸುರಿದು ಅರಳಿಸಿ.
3. ಆ ಸುಣ್ಣಕ್ಕೆ ಒಟ್ಟು 50 ಲೀಟರ್ ಆಗುವಷ್ಟು ನೀರು ಸುರಿಯಿರಿ.
4. ಸುಣ್ಣದ ನೀರು ತಣ್ಣಗಾಗುವವರೆಗೆ ಕಾಯಿರಿ.
5. ಸುಣ್ಣದ ನೀರನ್ನು ಕೋಲಿನಿಂದ ತಿರುಗಿಸುತ್ತಾ ಅದಕ್ಕೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ.
6. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ 1 ನಿಮಿಷ ಅದ್ದಿ.
7. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಸುರಿದು 6ನೇ ಹೆಜ್ಜೆ ಮತ್ತೊಮ್ಮೆ ಮಾಡಿ.
8. ಕೆಂಪು ಕೂರದಿದ್ದರೆ ಸೋಸಿ, ಅದೇ ದಿನ ಹೊಡೆಯಿರಿ.

ಕೆಂಪು ಕೂತಿತು ಅಂದರೆ ಸುಣ್ಣದ ಜೊತೆ ಕೂಡದ ತಾಮ್ರ ಉಳಿದಿದೆ, ಅದು ಎಳೆ ಕಾಯಿಯನ್ನೂ ಗರಿಯನ್ನೂ ಸುಡುತ್ತದೆ. ಈ ಕಾರಣವನ್ನು 7ನೇ ಹೆಜ್ಜೆಯ ಕೆಳಗೆ ಒಂದು ಸಾಲಿನಲ್ಲಿ ಕೊಟ್ಟರೆ ಜನ ಪರೀಕ್ಷೆ ಬಿಡುವುದಿಲ್ಲ. 1, 2, 5, 7, 8ರಲ್ಲಿ ಎರಡು ಕೆಲಸ ಸೇರಿವೆ, 7ನೆಯದು 12 ಪದವನ್ನೂ ದಾಟಿದೆ. ಬೆನ್ನಿಗೇ ಮಾಡಬೇಕಾದ, ನಡುವೆ ನಿಲ್ಲಿಸಲು ಬಾರದ ಜೋಡಿಗೆ ವಿನಾಯಿತಿ ಇದೆ ಎಂದು ಹಾಳೆಯಲ್ಲೇ ಬರೆದಿಡಿ. ವಿನಾಯಿತಿ ಬರೆದಿಡದ ನಿಯಮವನ್ನು ಮೊದಲ ವಾರದಲ್ಲೇ ಎಲ್ಲರೂ ಮುರಿಯುತ್ತಾರೆ, ಆಮೇಲೆ ಉಳಿದವನ್ನೂ ಮುರಿಯುತ್ತಾರೆ.

ಅಪಾಯದ ಸೂಚನೆಗಳಿಗೆ ಅಮೆರಿಕದ ಆನ್ಸಿ ಝಡ್535 ಮಾನಕಗಳಲ್ಲಿ ನಾಲ್ಕು ಮಟ್ಟ ಇವೆ: ಸಾವು ಅಥವಾ ಭಾರಿ ಗಾಯ ಖಂಡಿತ, ಸಾವು ಅಥವಾ ಭಾರಿ ಗಾಯ ಆಗಬಹುದು, ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು, ಗಾಯವಿಲ್ಲ ಆದರೆ ಸಾಮಾನು ಹಾಳು. ಇವನ್ನು ಅಪಾಯ, ಎಚ್ಚರಿಕೆ, ಜಾಗ್ರತೆ, ಸೂಚನೆ ಎಂದು ಅನುವಾದಿಸುವವರಿದ್ದಾರೆ. ಕನ್ನಡ ಓದುವವರಿಗೆ ಎಚ್ಚರಿಕೆಗೂ ಜಾಗ್ರತೆಗೂ ಮೇಲು-ಕೆಳಗು ಇಲ್ಲ. ರಫ್ತಿಗೆ ನಾಲ್ಕು ಬೇಕೇ ಬೇಕು ಅನ್ನುವ ಪರಿಸ್ಥಿತಿ ಇಲ್ಲದಿದ್ದರೆ ಮೂರು ಸಾಕು: ಪ್ರಾಣ ಅಥವಾ ಅಂಗ ಹೋಗುವುದಕ್ಕೆ ‘ಅಪಾಯ’, ಸಣ್ಣ ಗಾಯಕ್ಕೆ ‘ಎಚ್ಚರಿಕೆ’, ಯಂತ್ರ ಕೆಡುವುದಕ್ಕೆ ‘ಗಮನಿಸಿ’. ಎಲ್ಲದಕ್ಕೂ ‘ಅಪಾಯ’ ಎಂದು ಬರೆದರೆ ನಿಜವಾದ ಅಪಾಯವನ್ನು ಯಾರೂ ಓದುವುದಿಲ್ಲ.

ಇಲ್ಲಿ ಕನ್ನಡದ್ದೇ ಒಂದು ಕಷ್ಟವಿದೆ. ‘ಬೇಡಿ’ ಎಂಬುದು ನಮ್ಮಲ್ಲಿ ವಾಕ್ಯದ ಕಟ್ಟಕಡೆಗೆ ಬರುತ್ತದೆ. ‘ಡ್ರಮ್ ತಿರುಗುತ್ತಿರುವಾಗ ಸಿಕ್ಕಿಕೊಂಡ ಸಿಪ್ಪೆಯನ್ನು ಕೈಯಿಂದ ಎಳೆಯಬೇಡಿ’ ಎಂಬುದರಲ್ಲಿ ಕೊನೆಯ ಎರಡು ಅಕ್ಷರದವರೆಗೆ ಅದು ಮಾಡಬೇಕಾದ ಕೆಲಸದಂತೆಯೇ ಓದಿಸಿಕೊಳ್ಳುತ್ತದೆ. ಹಾಗಾಗಿ ಏನು ಅಪಾಯ, ಏನಾಗುತ್ತದೆ, ಏನು ಮಾಡಬೇಕು ಎಂಬ ಕ್ರಮದಲ್ಲಿ ಬರೆಯಿರಿ: ‘ಅಪಾಯ: ತಿರುಗುವ ಬ್ಲೇಡ್. ಬೆರಳು ತುಂಡಾಗುತ್ತದೆ. ಸಿಪ್ಪೆ ಸಿಕ್ಕಿಕೊಂಡರೆ ಸ್ವಿಚ್ ಆಫ್ ಮಾಡಿ. ಡ್ರಮ್ ಪೂರ್ತಿ ನಿಲ್ಲಲಿ. ಆಮೇಲೆ ಕೊಕ್ಕೆಯಿಂದ ಎಳೆಯಿರಿ.’ ಈ ಸೂಚನೆಯ ಪೆಟ್ಟಿಗೆಯು, ಅದಕ್ಕೆ ಸಂಬಂಧಪಟ್ಟ ಹೆಜ್ಜೆಗಿಂತ ಮೇಲ್ಗಡೆ ಇರಬೇಕು; ಪುಸ್ತಕದ ಮೊದಲ ಪುಟದಲ್ಲಿ ಗುಡ್ಡೆ ಹಾಕಿದರೆ ಪ್ರಯೋಜನವಿಲ್ಲ.

ಇಂಗ್ಲಿಷ್ ಮಾದರಿ ಕೈಪಿಡಿಗಳಿಂದ ಸೂಚನೆ ಎತ್ತಿಕೊಳ್ಳುವಾಗ ಬಿಟ್ಟುಹೋಗುವುದೊಂದಿದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಯಂತ್ರ ನಿಂತಿತಲ್ಲ ಎಂದು ಬ್ಲೇಡ್ ಹತ್ತಿರ ಕೈ ಇಟ್ಟಾಗಲೇ ಕರೆಂಟ್ ಬಂದರೆ, ಸ್ವಿಚ್ ಆನ್ ಇದ್ದ ಮೋಟಾರ್ ತಾನಾಗಿ ತಿರುಗುತ್ತದೆ. ‘ಕರೆಂಟ್ ಹೋದ ಕೂಡಲೆ ಸ್ವಿಚ್ ಆಫ್ ಮಾಡಿ’ ಎಂಬುದು ನಿಮ್ಮ ಪ್ರತಿ ಕೈಪಿಡಿಯಲ್ಲೂ, ಯಂತ್ರದ ಸ್ಟಿಕರ್ ಮೇಲೂ ಇರಲೇಬೇಕು ಎಂದು ಹಾಳೆಯಲ್ಲಿ ನಿಯಮವಾಗಿಯೇ ಬರೆಯಿರಿ.

ಹಾಳೆ ಮಾಡುವ ಕೆಲಸ ಎರಡು ವಾರದ್ದು. ಈಚಿನ ಹತ್ತು ದಾಖಲೆಗಳನ್ನು ಮುದ್ರಿಸಿ, ಮೂವರೂ ಬೇರೆಬೇರೆಯಾಗಿ ಓದಿ, ಒಂದೇ ವಿಷಯ ಎರಡು ರೀತಿ ಇರುವ ಕಡೆಯೆಲ್ಲ ಕೆಂಪು ಗೆರೆ ಹಾಕಿ. ಆ ಗೆರೆಗಳೇ ನಿಮ್ಮ ನಿಯಮಗಳ ಪಟ್ಟಿ. ಯಾರೂ ಎಡವದ ವಿಷಯಕ್ಕೆ ನಿಯಮ ಬೇಡ. ಆಮೇಲೆ ಒಂದೂವರೆ ಗಂಟೆಯ ಎರಡು ಸಭೆ: ಒಂದು ಪದಗಳಿಗೆ, ಒಂದು ಉಳಿದದ್ದಕ್ಕೆ. ಪ್ರತಿ ನಿಯಮಕ್ಕೆ ನಾಲ್ಕು ಸಾಲು: ನಿಯಮ, ಕಾರಣ, ಬೇಡದ ಮಾದರಿ, ಬೇಕಾದ ಮಾದರಿ. ಕಾರಣ ಬರೆಯದಿದ್ದರೆ ಮುಂದಿನ ವರ್ಷ ಹೊಸಬರು ಬಂದಾಗ ಅದೇ ವಾದ ಮತ್ತೆ ನಡೆಯುತ್ತದೆ. ಮಹಾಪ್ರಾಣ ಬೇಕೇ, ಸಂಸ್ಕೃತವೋ ಅಚ್ಚಗನ್ನಡವೋ ಎಂಬ ಚರ್ಚೆ ಎದ್ದರೆ ಅಲ್ಲೇ ನಿಲ್ಲಿಸಿ. ಕಾಗುಣಿತಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಹೇಳಿದ್ದೇ ಕೊನೆ ಎಂದು ಮೊದಲೇ ಒಪ್ಪಿಕೊಂಡಿರಿ. ಅದರಲ್ಲಿಲ್ಲದ ಪದಕ್ಕೆ ಮೂವರಲ್ಲಿ ಒಬ್ಬರ ಮಾತು ಕೊನೆ, ಅವರ ಹೆಸರು ಹಾಳೆಯ ತಲೆಯಲ್ಲಿ ಇರಲಿ, ಪಕ್ಕದಲ್ಲಿ ಆವೃತ್ತಿ ಸಂಖ್ಯೆ ಮತ್ತು ದಿನಾಂಕ.

ಹಳೆಯ ಕೈಪಿಡಿಗಳನ್ನೆಲ್ಲ ಒಂದೇ ಸಲ ತಿದ್ದಲು ಕೂರಬೇಡಿ. ಹೊಸ ಮುದ್ರಣಕ್ಕೆ ಬಂದದ್ದನ್ನು ಮಾತ್ರ ತಿದ್ದಿ. ಸ್ಪ್ರೇಯರ್ ಕರಪತ್ರ ಏಪ್ರಿಲ್ ಒಳಗೆ ಮುಗಿಯಲಿ, ಏಕೆಂದರೆ ಮೊದಲ ಔಷಧಿ ಮುಂಗಾರು ಹಿಡಿಯುವ ಹೊತ್ತಿಗೆ ಹೊಡೆಯುತ್ತಾರೆ. ಸುಲಿಯುವ ಯಂತ್ರದ ಕೈಪಿಡಿ ಕೊಯ್ಲಿಗೆ ಎರಡು ತಿಂಗಳ ಮುಂಚೆ.

ಮುದ್ರಣಕ್ಕೆ ಕೊಡುವಾಗ, ಯಂತ್ರ ನೋಡಿರದ ಇಬ್ಬರಿಗೆ ಕರಡು ಕೊಟ್ಟು ಬೆಲ್ಟ್ ಬದಲಾಯಿಸಲು ಹೇಳಿ. ಒಬ್ಬರು ಮಲೆನಾಡಿನವರು, ಇನ್ನೊಬ್ಬರು ಬಯಲುಸೀಮೆಯವರಾದರೆ ಒಳ್ಳೆಯದು. ಪಕ್ಕದಲ್ಲಿ ನಿಲ್ಲಿ, ಬಾಯಿ ತೆರೆಯಬೇಡಿ. ಅವರು ಹಾಳೆಯಿಂದ ತಲೆಯೆತ್ತಿ ನಿಮ್ಮ ಮುಖ ನೋಡಿದ ಪ್ರತಿ ಸಲವೂ ಆ ಹೆಜ್ಜೆಯ ಅಂಕಿಯನ್ನು ಗುರುತು ಹಾಕಿಕೊಳ್ಳಿ, ಆ ಹೆಜ್ಜೆಗಳನ್ನು ತಿದ್ದಿ. ಅಪಾಯದ ಪೆಟ್ಟಿಗೆಗಳು ಮತ್ತು ದಿನದ ಕೆಲಸದ ಹೆಜ್ಜೆಗಳನ್ನು 16 ಪಾಯಿಂಟ್ ಅಕ್ಷರದಲ್ಲಿ ಪ್ರತ್ಯೇಕ ಒಂದು ಹಾಳೆಯಾಗಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ, ಮೂಲೆಯಲ್ಲಿ ತೂತು ಹಾಕಿಸಿ. ಚೊಗರು ಹತ್ತಿದ ಕೈಯಲ್ಲಿ ಹಿಡಿದರೂ ಒರೆಸಿದರೆ ಹೋಗುತ್ತದೆ, ಯಂತ್ರದ ಪಕ್ಕ ಮೊಳೆಗೆ ನೇತುಹಾಕಬಹುದು.